ಈರೋಡಿನಲ್ಲಿ ಹುಟ್ಟಿದ ರಾಮಾನುಜನ್ ಮತ್ತು 26 ಅಂಕಿಯ ಒಂದು ಸಂಖ್ಯೆ

ಹೊಗೇನಕಲ್ಲಿನಲ್ಲಿ ಧುಮುಕಿದ ಕಾವೇರಿ ಮೆಟ್ಟೂರು ದಾಟಿ ಈರೋಡಿಗೆ ಬರುತ್ತದೆ, ಅಲ್ಲಿಂದ ಕುಂಭಕೋಣದ ಕಡೆಗೆ ಹರಿಯುತ್ತದೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ, 1887ರ ಡಿಸೆಂಬರ್ 22ರಂದು. ಬೆಳೆದದ್ದು ಕುಂಭಕೋಣದಲ್ಲಿ. ಮನೆದೇವರು ನಾಮಕ್ಕಲ್ಲಿನ ನಾಮಗಿರಿ ತಾಯಿ. ನಾಮಕ್ಕಲ್ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮೊದಲು ಸೇಲಂ ಜಿಲ್ಲೆಗೇ ಸೇರಿತ್ತು. ಸೇಲಂನವರು ಅವರನ್ನು ನಮ್ಮವರು ಎಂದರೆ ತಪ್ಪೇನಿಲ್ಲ!

ಗಣಿತ ಬಿಟ್ಟು ಬೇರೇನನ್ನೂ ಓದದೆ ಎಫ್.ಎ. ಪರೀಕ್ಷೆಯಲ್ಲಿ ಫೇಲಾದದ್ದು, 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತೆಯಾದದ್ದು, 1913ರ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಗೆ ಪತ್ರ ಬರೆದದ್ದು ಎಲ್ಲರಿಗೂ ಗೊತ್ತು. ಆ ಪತ್ರದಲ್ಲಿ ಒಂದು ತಪ್ಪಿತ್ತು ಎಂಬುದನ್ನು ಮಾತ್ರ ಸನ್ಮಾನದ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ತಪ್ಪು ಅವಿಭಾಜ್ಯ ಸಂಖ್ಯೆಗಳ ಬಗ್ಗೆ. ತಮಿಳು ಪಾಠದಲ್ಲಿ ಇದಕ್ಕೆ ಪಗಾ ಎಣ್ ಎನ್ನುತ್ತಾರೆ: 2, 3, 5, 7, 11 ಹೀಗೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು. ಒಂದು ಸಂಖ್ಯೆಯೊಳಗೆ ಇಂಥವು ಎಷ್ಟಿವೆ ಎಂದು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಹೇಳುವ ಸೂತ್ರ ಸಿಕ್ಕಿದೆ ಎಂದು ರಾಮಾನುಜನ್ ನಂಬಿದ್ದರು. ಸಣ್ಣ ಸಂಖ್ಯೆಗಳಿಗೆ ಲೆಕ್ಕ ಚೆನ್ನಾಗಿಯೇ ಕೂಡುತ್ತಿತ್ತು. ದೊಡ್ಡ ಸಂಖ್ಯೆಗಳಿಗೆ ಅವರು ಹೇಳಿದಷ್ಟು ನಿಖರತೆ ಇರಲಿಲ್ಲ. ಹಾರ್ಡಿ ಅದನ್ನು ಕಂಡುಹಿಡಿದರು, ಆದರೂ ಕರೆಸಿಕೊಂಡರು. ಸಮುದ್ರ ದಾಟಲು ನಾಮಗಿರಿ ತಾಯಿಯ ಅಪ್ಪಣೆಯಾಯಿತೆಂಬ ಮಾತಿದೆ. 1914ರ ಮಾರ್ಚಿನಲ್ಲಿ ಹಡಗು ಹತ್ತಿದರು.

ಅಲ್ಲಿ ಕಲಿತದ್ದು ಸಾಧನೆ ಕೊಡುವ ಕ್ರಮ. ಯಾವುದೇ ಸಂಖ್ಯೆಗೂ ಅದರ ಎರಡರಷ್ಟಕ್ಕೂ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ ಎಂಬ ಹಳೆಯ ಮಾತನ್ನು ರಷ್ಯಾದ ಚೆಬಿಷೆವ್ ಮೊದಲೇ ಸಾಧಿಸಿದ್ದರು. ರಾಮಾನುಜನ್ 1919ರಲ್ಲಿ ಅದಕ್ಕೆ ತೀರಾ ಚಿಕ್ಕ ಸಾಧನೆ ಕೊಟ್ಟರು. 50 ಮತ್ತು 100ರ ನಡುವೆ ಎಣಿಸಿ ನೋಡಿ, 10 ಸಿಗುತ್ತವೆ. ಕಾಯಿಲೆಯಿಂದ ಸೊರಗಿ ಊರಿಗೆ ಮರಳಿದ್ದೂ ಅದೇ ವರ್ಷ. 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡಾಗ ವಯಸ್ಸು 32.

1916ರಲ್ಲಿ ಅವರು ಟೌ ಎಂಬ ಲೆಕ್ಕವೊಂದನ್ನು ಬರೆದಿದ್ದರು. 2 ಕೊಟ್ಟರೆ ಅದು ಮೈನಸ್ 24 ಕೊಡುತ್ತದೆ, 3ಕ್ಕೆ 252. ಉತ್ತರ ಹೆಚ್ಚಾಗಿ ಸಮಸಂಖ್ಯೆಯೇ. ಬೆಸ ಉತ್ತರ ಬೇಕಾದರೆ ಬೆಸಸಂಖ್ಯೆಯ ವರ್ಗವನ್ನೇ ಕೊಡಬೇಕು. ಈ ಉತ್ತರಗಳಲ್ಲಿ ಅವಿಭಾಜ್ಯ ಒಂದಾದರೂ ಇದೆಯೇ? ಅಮೆರಿಕದ ಲೆಹ್ಮರ್ 1965ರಲ್ಲಿ ಮೊದಲನೆಯದನ್ನು ಹಿಡಿದರು. 251ರ ವರ್ಗವಾದ 63001ಕ್ಕೆ ಬರುವ ಉತ್ತರ, ಮೈನಸ್ ಚಿಹ್ನೆ ಬಿಟ್ಟರೆ, 80561663527802406257321747. ಅದಕ್ಕಿಂತ ಹಿಂದಿನ ಯಾವ ಉತ್ತರವೂ ಅವಿಭಾಜ್ಯವಲ್ಲ.

ಹೊಲಿಗೆ ಕೆಲಸದಿಂದ ಜೀವನ ಸಾಗಿಸಿದ ರಾಮಾನುಜನ್ ಪತ್ನಿ ಜಾನಕಿ ಆಗ ಮದ್ರಾಸಿನಲ್ಲಿದ್ದರು. ಅವರು ತೀರಿಕೊಂಡದ್ದು 1994ರಲ್ಲಿ.