ವೀರ ನಾವಿಕ ಡೋರಿಸ್ ಮಿಲ್ಲರ್

ಮಕ್ಕಳೇ, ಮೈಬಣ್ಣ ನೋಡಿ ಒಬ್ಬರ ಧೈರ್ಯವನ್ನು ಅಳೆಯಬಹುದೇ? ಹಿಂದೆ ಅಮೆರಿಕದ ಸೇನೆಯಲ್ಲಿ ಹಾಗೆ ಅಳೆಯುತ್ತಿದ್ದರು. ಅಂತಹ ಸೇನೆಯಲ್ಲಿ ದುಡಿದ ಡೋರಿಸ್ ಮಿಲ್ಲರ್ ಅವರ ಜೀವನವನ್ನು ತಿಳಿಯೋಣ.

ಮಿಲ್ಲರ್ 1919ರ ಅಕ್ಟೋಬರ್ 12ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ವೇಕೋದಲ್ಲಿ ಜನಿಸಿದರು. ತಂದೆತಾಯಿ ಬಡ ರೈತರು. ಆಗ ಅಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪು ಜನರ ಮಕ್ಕಳಿಗೆ ಬೇರೊಂದು ಶಾಲೆ. ಇಂತಹ ಪದ್ಧತಿಗೆ ವರ್ಣಭೇದ ಎನ್ನುತ್ತಾರೆ. ಹೊಲದಲ್ಲಿ ದುಡಿದು ಬೆಳೆದ ಮಿಲ್ಲರ್, ಮನೆಗೆ ಆಸರೆಯಾಗಲು 1939ರಲ್ಲಿ ನೌಕಾಪಡೆ ಸೇರಿದರು.

ಅಲ್ಲಿಯೂ ವರ್ಣಭೇದವಿತ್ತು. ಅಧಿಕಾರಿಗಳಿಗೆ ಊಟ ಬಡಿಸುವುದು, ಬಟ್ಟೆ ಸಂಗ್ರಹಿಸುವುದು ಮಿಲ್ಲರ್ ಅವರ ಕೆಲಸ. ದೊಡ್ಡ ಬಂದೂಕು ನಡೆಸುವ ತರಬೇತಿಯನ್ನು ಅವರಿಗೆ ಕೊಡಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. 1941ರ ಡಿಸೆಂಬರ್ 7ರ ಬೆಳಿಗ್ಗೆ ಹವಾಯಿಯ ಪರ್ಲ್ ಹಾರ್ಬರ್ ಬಂದರಿನ ಮೇಲೆ ಜಪಾನಿನ ವಿಮಾನಗಳು ದಾಳಿ ಮಾಡಿದವು. ಮಿಲ್ಲರ್ ಇದ್ದ ವೆಸ್ಟ್ ವರ್ಜೀನಿಯಾ ಹಡಗು ಹೊತ್ತಿ ಉರಿಯಿತು. ಗಾಯಗೊಂಡ ಕ್ಯಾಪ್ಟನ್‌ರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ಮಿಲ್ಲರ್ ನೆರವಾದರು. ಅನಂತರ ತಾವು ಎಂದೂ ಕಲಿಯದಿದ್ದ ಮೆಷಿನ್ ಗನ್ ಹಿಡಿದು, ಗುಂಡುಗಳು ಮುಗಿಯುವವರೆಗೂ ವಿಮಾನಗಳತ್ತ ಹಾರಿಸಿದರು. ಎಣ್ಣೆ ತುಂಬಿದ ನೀರಿನಿಂದ ಅನೇಕರನ್ನು ಮೇಲೆತ್ತಿದರು.

ಆದರೆ ವೀರರ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ! ಒಬ್ಬ ಕಪ್ಪು ಮನುಷ್ಯ ಎಂದಷ್ಟೇ ಬರೆದಿದ್ದರು. ಕಪ್ಪು ಜನರ ಪತ್ರಿಕೆಗಳು ಪಟ್ಟು ಹಿಡಿದು ಕೇಳಿದವು. 1942ರ ಮಾರ್ಚ್‌ನಲ್ಲಿ ಹೆಸರು ಹೊರಬಂತು. ಮೇ 27ರಂದು ಮಿಲ್ಲರ್ ನೇವಿ ಕ್ರಾಸ್ ಪದಕ ಪಡೆದರು. ಈ ಪದಕ ಪಡೆದ ಮೊದಲ ಕಪ್ಪು ಅಮೆರಿಕನ್ನರು ಅವರೇ.

ಎದೆಯ ಮೇಲೆ ಪದಕ ಬಂತು. ಕೆಲಸ ಮಾತ್ರ ಅಡುಗೆ, ಊಟದ ವಿಭಾಗದಲ್ಲಿಯೇ ಉಳಿಯಿತು. 1943ರ ನವೆಂಬರ್ 24ರಂದು ಅವರಿದ್ದ ಲಿಸ್ಕಮ್ ಬೇ ಹಡಗು ಶತ್ರುಗಳ ದಾಳಿಗೆ ಸಿಕ್ಕಿ ಶಾಂತಸಾಗರದಲ್ಲಿ ಮುಳುಗಿತು. ಮಿಲ್ಲರ್ ಹಿಂದಿರುಗಲಿಲ್ಲ. ಆಗ ಅವರಿಗೆ 24 ವರ್ಷ.

1948ರಲ್ಲಿ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ವರ್ಣಭೇದ ಕೂಡದೆಂದು ಆಜ್ಞೆ ಹೊರಡಿಸಿದರು. ಹೆಸರು ಬರೆಯದೆ ಬಿಟ್ಟಿದ್ದ ಅದೇ ನೌಕಾಪಡೆ, ವಿಮಾನಗಳನ್ನು ಹೊರುವ ಒಂದು ದೊಡ್ಡ ಹಡಗಿಗೆ ಮಿಲ್ಲರ್ ಅವರ ಹೆಸರಿಡುವುದಾಗಿ 2020ರಲ್ಲಿ ಸಾರಿತು.

ಕಾನೂನು ಬದಲಾದರೂ ಬಣ್ಣ ನೋಡಿ ಹೀಯಾಳಿಸುವ ಅಭ್ಯಾಸ ಜಗತ್ತಿನಲ್ಲಿ ಇನ್ನೂ ಉಳಿದಿದೆ. ಮಕ್ಕಳೇ, ನಿಮ್ಮ ತರಗತಿಯಲ್ಲಿ ಯಾರನ್ನಾದರೂ ಬಣ್ಣ ಹಿಡಿದು ಕರೆಯುತ್ತಾರೆಯೇ? ನಾಳೆಯಿಂದ ಅವರನ್ನು ಹೆಸರು ಹಿಡಿದು ಕರೆಯಿರಿ.