ಎಲ್ಲೆ ಅಳೆದು ಕೈಫಿಯತ್ತು ಕೇಳಿದ ಕರ್ನಲ್

ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯಲ್ಲಿ ಗೋದಾಮು ಕಟ್ಟಲು ಜಮೀನು ಕೊಳ್ಳಹೊರಟ ಕಕ್ಷಿದಾರರೊಬ್ಬರ ಪರವಾಗಿ ನಾನು ದಾಖಲೆ ಪರಿಶೀಲಿಸಿದ್ದೆ. ಪಹಣಿ, ಮ್ಯುಟೇಷನ್, ಋಣಭಾರ ಪ್ರಮಾಣಪತ್ರ, ಮೂವತ್ತು ವರ್ಷಗಳ ಕ್ರಯಪತ್ರಗಳು ಎಲ್ಲವೂ ಕ್ರಮವಾಗಿದ್ದವು. ಹದ್ದುಬಸ್ತು ಮಾಡಿಸಿದಾಗ ಮಾತ್ರ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದಲ್ಲಿರಬೇಕಾದ ಬಾಂದುಕಲ್ಲು ಹತ್ತು ಮಾರು ಈಚೆಗೆ ಸಿಕ್ಕಿತು. ಲಾರಿ ಬರಬೇಕಾದ ದಾರಿ ಪಕ್ಕದ ಸರ್ವೆ ನಂಬರಿಗೆ ಸೇರಿತ್ತು. ಜಮೀನು ಯಾರದೆಂಬುದಕ್ಕೆ ಕಾಗದವಿತ್ತು, ಎಲ್ಲಿಯವರೆಗೆ ಎಂಬುದನ್ನು ಯಾರೂ ಕೇಳಿರಲಿಲ್ಲ.

ಈ ಎರಡೂ ಪ್ರಶ್ನೆಗಳನ್ನು ಮೈಸೂರು ಸೀಮೆಯಲ್ಲಿ ಒಟ್ಟಿಗೇ ಕೇಳುತ್ತಾ ಸಾಗಿದವನೊಬ್ಬನ ನೆನಪು ಆಗ ನನಗೆ ಬಂತು. ಅವನೇ ಕರ್ನಲ್ ಕಾಲಿನ್ ಮೆಕೆಂಜಿ.

1754ರ ಸುಮಾರಿಗೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇಯಲ್ಲಿ ಹುಟ್ಟಿದ ಮೆಕೆಂಜಿ ಮೊದಲು ಸುಂಕದ ಕಚೇರಿಯ ನೌಕರ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥರೊಬ್ಬರು ಆ ಗಣಿತಜ್ಞನ ಜೀವನಚರಿತ್ರೆಗಾಗಿ ಹಿಂದೂ ಗಣಿತದ ಮಾಹಿತಿ ಬಯಸಿದ್ದರು. ಆ ಆಸಕ್ತಿಯನ್ನು ಹೊತ್ತುಕೊಂಡೇ ಅವನು 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯದಲ್ಲಿ ಎಂಜಿನಿಯರನಾದ. ಮತ್ತೆ ತಾಯ್ನಾಡಿಗೆ ಮರಳಲೇ ಇಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯ ಹಂಚಿಕೆಯಾಯಿತು. ಕಂಪನಿಗೆಷ್ಟು, ನಿಜಾಮನಿಗೆಷ್ಟು, ಒಡೆಯರಿಗೆ ಉಳಿದದ್ದೆಷ್ಟು ಎಂಬುದನ್ನು ನೆಲದ ಮೇಲೆ ಗುರುತಿಸುವವರು ಬೇಕಾಗಿದ್ದರು. ಮೈಸೂರು ಸರ್ವೆಯ ಹೊಣೆ ಮೆಕೆಂಜಿಗೆ ಬಂತು. ಜ್ವರ, ಕಾಡು, ಹಣದ ಕೊರತೆಗಳ ನಡುವೆ ದಶಕದ ಅವಧಿಯಲ್ಲಿ ಸುಮಾರು 40,000 ಚದರ ಮೈಲಿಯ ಅಳತೆ ನಡೆಯಿತು. ಕೆರೆ, ಹಳ್ಳ, ಊರು, ದಾರಿಗಳೆಲ್ಲ ನಕಾಶೆಗೆ ಇಳಿದವು.

ಅಷ್ಟಕ್ಕೇ ಅವನು ನಿಲ್ಲಲಿಲ್ಲವೆಂಬುದೇ ವಿಶೇಷ. ಅವನಿಗೆ ಈ ದೇಶದ ಭಾಷೆಗಳು ಬಾರವು. ಅದನ್ನು ತಾನೇ ಒಪ್ಪಿಕೊಂಡಿದ್ದ. ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಹೀಗೆ ಹಲವು ಪಂಡಿತರು ಊರೂರು ತಿರುಗಿದರು. ಶಾನುಭೋಗರ ಕಡತ ಬಿಚ್ಚಿಸಿ, ಹಿರಿಯರನ್ನು ಕೂರಿಸಿಕೊಂಡು ಊರಿನ ವೃತ್ತಾಂತ ಬರೆಸಿದರು. ಇವೇ ಕೈಫಿಯತ್ತುಗಳು. ಶಾಸನಗಳ ಪ್ರತಿಗಳಂತೂ ಎಂಟು ಸಾವಿರ ದಾಟಿದವು. ಅವುಗಳಲ್ಲಿ ಬಹುಪಾಲು ದಾನಶಾಸನಗಳು. ಯಾರು ಯಾರಿಗೆ ಕೊಟ್ಟರು, ಮೂಡಲಿಗೆ ಯಾವ ಕೆರೆ, ಪಡುವಲಿಗೆ ಯಾವ ಹುಣಸೆಮರ ಎಂಬ ಚೆಕ್ಕುಬಂದಿ ಅನೇಕ ಶಾಸನಗಳಲ್ಲಿ ಕಾಣುತ್ತದೆ. ಕಡೆಯಲ್ಲಿ ಭೂಮಿ ಕಸಿದವನಿಗೆ ಶಾಪ. ಅಂದಿನವರ ಪಾಲಿಗೆ ಹಕ್ಕಿನ ವಿಮೆಯೆಂದರೆ ಈ ಶಾಪವೇ ಇದ್ದಿರಬೇಕು!

ಮೆಕೆಂಜಿಯನ್ನು ರೈತಬಂಧುವೆಂದು ಬಣ್ಣಿಸುವ ಅಗತ್ಯವಿಲ್ಲ. ಅವನ ಅಳತೆ ಆಳುವವರ ಲೆಕ್ಕಕ್ಕಾಗಿ ನಡೆದದ್ದು. ಹೊಲಹೊಲವನ್ನೂ ಅಳೆದು ನಂಬರು ಕೊಡುವ ಕಂದಾಯ ಸರ್ವೆ ಮೈಸೂರಿನಲ್ಲಿ ಆರಂಭವಾದದ್ದು 1863ರಲ್ಲಿ. ಇಂದಿನ ಗುಂಟೆಯ ಲೆಕ್ಕ 33 ಅಡಿಯ ಸರಪಳಿಯದು. ಆದರೆ ಆ ಸರ್ವೆಯೂ ಒಡೆತನಕ್ಕೆ ಖಾತರಿ ನೀಡಲಿಲ್ಲ. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಪಹಣಿಯ ನಮೂದು ವಿರುದ್ಧ ಸಾಕ್ಷ್ಯ ಬರುವವರೆಗಿನ ಊಹೆ ಮಾತ್ರ.

ಈ ಕೊರತೆಗೆ ಹಕ್ಕಿನ ವಿಮೆಯೇ ಮದ್ದೆಂದು ಹೇಳುವವರಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1876ರಲ್ಲಿ ಹುಟ್ಟಿದ ವ್ಯವಸ್ಥೆಯಿದು. ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 16ನೇ ಕಲಮು, ರಾಜ್ಯ ಸರ್ಕಾರ ಅಧಿಸೂಚಿಸಿದಂತೆ ಯೋಜನೆಗಳ ಪ್ರವರ್ತಕರು ಈ ವಿಮೆ ಮಾಡಿಸಬೇಕೆನ್ನುತ್ತದೆ. ಅದು ಯೋಜನೆಗಳ ಮಾತು. ಗಾವಡಗೆರೆಯ ಬಿಡಿ ಕ್ರಯಕ್ಕೆ ಅನ್ವಯಿಸದು. ಸ್ವಂತ ಇಚ್ಛೆಯಿಂದ ಪಾಲಿಸಿ ಕೊಳ್ಳುವವರೂ ಅದರ ಹೊರತುಗಳ ಪಟ್ಟಿಯನ್ನು ಓದಬೇಕು. ಸರಿಯಾದ ಸರ್ವೆ ಮಾಡಿಸಿದ್ದರೆ ತಿಳಿಯುತ್ತಿದ್ದ ಒತ್ತುವರಿ, ಎಲ್ಲೆಯ ವ್ಯತ್ಯಾಸಗಳನ್ನು ಸಾಮಾನ್ಯ ಪಾಲಿಸಿಗಳು ಹೊರಗಿಡುವುದೇ ವಾಡಿಕೆ. ವಿಮೆ ಇದೆಯೆಂದು ಅಳತೆ ಬಿಟ್ಟವರಿಗೆ ಎರಡೂ ಇಲ್ಲ.

ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮರುವರ್ಷ ಥಾಮಸ್ ಹಿಕಿ ಬರೆದ ಅವನ ಭಾವಚಿತ್ರದಲ್ಲಿ ಮೂವರು ದೇಶೀ ಸಹಾಯಕರಿದ್ದಾರೆ, ಹಿಂದೆ ಗೊಮ್ಮಟನಿದ್ದಾನೆ. 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡ. ಸಂಗ್ರಹವನ್ನು ಕಂಪನಿ ಅವನ ವಿಧವೆಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು.

ಗಾವಡಗೆರೆಯಲ್ಲಿ ನಾವೂ ಊರಿನ ಇಬ್ಬರು ಹಿರಿಯರನ್ನು ಕರೆಸಿ ಕೇಳಿದೆವು. ಹಳೆಯ ಟಿಪ್ಪಣಿ ತೆಗೆಸಿ ತಾಳೆ ನೋಡಿದೆವು. ದಾರಿಯ ಹಕ್ಕಿಗೆ ಪಕ್ಕದ ನಂಬರಿನವರಿಂದ ಪ್ರತ್ಯೇಕ ಪತ್ರ ನೋಂದಣಿಯಾದ ಮೇಲೆಯೇ ನನ್ನ ಕಕ್ಷಿದಾರರು ಕ್ರಯಪತ್ರಕ್ಕೆ ಸಹಿ ಹಾಕಿದರು.