ಇಬ್ನ್ ಸೀನಾ ಮತ್ತು ನಮ್ಮ ದಾದಾ ಅವರ ಹೆಬ್ಬೆರಳು

ಕಳೆದ ಬಕ್ರೀದ್ ಮುಗಿದ ಮೂರನೇ ದಿನ ರಾತ್ರಿ ನಮ್ಮ ದಾದಾ ಅವರ ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿತು. ಹೊದಿಕೆ ಸೋಕಿದರೂ ನರಳುತ್ತಿದ್ದರು. ಬೆಳಿಗ್ಗೆ ಉಚ್ಚಂಗಿದುರ್ಗದಿಂದ ಹರಪನಹಳ್ಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ 9ಕ್ಕಿಂತ ಹೆಚ್ಚಿದೆ, ಇದು ಗೌಟ್ ಎಂದರು. ಬರೆದುಕೊಟ್ಟ ಮಾತ್ರೆಯ ಹೆಸರು ಕಾಲ್ಚಿಸಿನ್. ಮನೆಗೆ ಬಂದ ಮೇಲೆ ದಾದಾ ಇದನ್ನು ನಿಖ್ರಿಸ್ ಎಂದು ಕರೆದರು. ತಮ್ಮ ಕಾಲದಲ್ಲಿ ಹಕೀಮರು ಇದಕ್ಕೆ ಸುರಂಜಾನ್ ಕೊಡುತ್ತಿದ್ದರು ಎಂದೂ ಹೇಳಿದರು. ಆ ಎರಡು ಹೆಸರುಗಳ ಬೆನ್ನು ಹತ್ತಿ ಓದುತ್ತಾ ಹೋದಾಗ ನನಗೆ ಸಿಕ್ಕವರು ಇಬ್ನ್ ಸೀನಾ.

ಅವರು ಹುಟ್ಟಿದ್ದು 980ರಲ್ಲಿ, ಇಂದಿನ ಉಜ್ಬೇಕಿಸ್ತಾನದ ಬುಖಾರಾ ನಗರದ ಹತ್ತಿರದ ಅಫ್ಶಾನಾ ಎಂಬ ಹಳ್ಳಿಯಲ್ಲಿ. ಹತ್ತು ವರ್ಷಕ್ಕೇ ಕುರ್‌ಆನ್ ಬಾಯಿಪಾಠ ಮಾಡಿದ್ದರು. ಕಾಮರ್ಸ್ ಓದುವ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆಯೇ ಇದೆ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದನ್ನು ಕಲಿಯಲು ಅವರ ತಂದೆ ಅವರನ್ನು ಕಳುಹಿಸಿದ್ದು ಒಬ್ಬ ತರಕಾರಿ ವ್ಯಾಪಾರಿಯ ಬಳಿಗೆ!

ಹುಡುಗನಾಗಿದ್ದಾಗ ಅರಿಸ್ಟಾಟಲ್‌ನ ಒಂದು ಕಠಿಣ ಗ್ರಂಥವನ್ನು ನಲವತ್ತು ಸಲ ಓದಿದರೂ ಅವರಿಗೆ ಅರ್ಥವಾಗಲಿಲ್ಲ. ಒಂದು ದಿನ ಪುಸ್ತಕದ ಬಜಾರಿನಲ್ಲಿ ಹಣದ ಅಡಚಣೆಯಲ್ಲಿದ್ದವರ ಪುಸ್ತಕವೊಂದು ಮೂರು ದಿರ್ಹಮ್‌ಗೆ ಸಿಕ್ಕಿತು. ಅದು ಅದೇ ಗ್ರಂಥದ ಬಗ್ಗೆ ಅಲ್ ಫಾರಾಬಿ ಬರೆದ ಪುಸ್ತಕ. ಓದಿದ ಕೂಡಲೇ ಎಲ್ಲ ತಿಳಿಯಿತು. ಮರುದಿನ ಅಲ್ಲಾಹನಿಗೆ ಕೃತಜ್ಞತೆಯಾಗಿ ಬಡವರಿಗೆ ದಾನ ಮಾಡಿದರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿಡುವ ನಮ್ಮಂಥವರು ಈ ನಲವತ್ತನ್ನು ನೆನಪಿಡಬೇಕು.

ಹದಿನೇಳನೇ ವಯಸ್ಸಿಗೆ, ಅಂದರೆ ನನ್ನ ವಯಸ್ಸಿಗೆ, ಅವರು ಬುಖಾರಾದ ದೊರೆ ನೂಹ್ ಇಬ್ನ್ ಮನ್ಸೂರ್‌ಗೆ ಚಿಕಿತ್ಸೆ ಮಾಡಿದವರಲ್ಲಿ ಒಬ್ಬರಾದರು. ಪ್ರತಿಫಲವಾಗಿ ಅವರು ಬಯಸಿದ್ದು ಅರಮನೆಯ ಗ್ರಂಥಾಲಯದಲ್ಲಿ ಓದುವ ಅನುಮತಿ.

ತಂದೆ ತೀರಿಹೋದ ಮೇಲೆ ಅವರ ಬದುಕಿನಲ್ಲಿ ನೆಮ್ಮದಿ ಕಡಿಮೆ. ಊರಿಂದ ಊರಿಗೆ ಅಲೆದರು. ಹಮದಾನ್‌ನಲ್ಲಿ ಅಮೀರ್ ಶಮ್ಸುದ್ದೌಲಾ ಅವರ ಹೊಟ್ಟೆನೋವು ಗುಣಪಡಿಸಿ ವಜೀರರಾದರು. ಸೈನಿಕರು ದಂಗೆ ಎದ್ದು ಅವರನ್ನು ಕೊಲ್ಲಬೇಕೆಂದಾಗ ನಲವತ್ತು ದಿನ ಒಬ್ಬರ ಮನೆಯಲ್ಲಿ ಅಡಗಿದ್ದರು. ಅಷ್ಟರಲ್ಲಿ ಅಮೀರರಿಗೆ ಮತ್ತೆ ಹೊಟ್ಟೆನೋವು ಬಂತು. ಅವರೇ ಕ್ಷಮೆ ಕೇಳಿ ಮತ್ತೆ ವಜೀರರನ್ನಾಗಿ ಮಾಡಿಕೊಂಡರು. ಹಗಲು ಆಡಳಿತ, ರಾತ್ರಿ ಶಿಷ್ಯರಿಗೆ ಪಾಠ. ಅಮೀರರ ಮರಣದ ನಂತರ ಅವರನ್ನು ಫರ್ದಜಾನ್ ಎಂಬ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆ ಇಟ್ಟರು. ಅಲ್ಲಿಯೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಕೋಟೆಯ ಕೆಳಗೇ ಹುಟ್ಟಿ ಬೆಳೆದ ನನಗೆ ಇದನ್ನು ಓದಿದಾಗ ನಮ್ಮ ದುರ್ಗದ ಗೋಡೆಗಳೇ ಕಣ್ಣಿಗೆ ಬಂದವು. ಕೊನೆಗೆ ಸೂಫಿಗಳ ವೇಷದಲ್ಲಿ ಇಸ್ಫಹಾನ್‌ಗೆ ತಪ್ಪಿಸಿಕೊಂಡು ಹೋದರು.

ಈ ಅಲೆದಾಟದಲ್ಲೇ ಐದು ಭಾಗಗಳ ಅಲ್ ಖಾನೂನ್ ಎಂಬ ವೈದ್ಯ ಗ್ರಂಥ ಬರೆದರು. ಹನ್ನೆರಡನೇ ಶತಮಾನದಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋಯಿತು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಹದಿನೇಳನೇ ಶತಮಾನದವರೆಗೂ ಪಾಠಪುಸ್ತಕವಾಗಿತ್ತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಯುನಾನಿ ಓದುವವರು ಇಂದಿಗೂ ಇಬ್ನ್ ಸೀನಾ ಅವರನ್ನು ಬಿಟ್ಟು ಓದಲಾಗದು.

ಕೀಲುನೋವು ಮತ್ತು ನಿಖ್ರಿಸ್ ಬಗ್ಗೆಯೂ ಅವರು ಬರೆದಿದ್ದಾರೆ. ದೇಹದಲ್ಲಿ ಹೆಚ್ಚಾದ ರಸ ದುರ್ಬಲ ಕೀಲಿಗೆ ಇಳಿಯುತ್ತದೆ ಎಂಬುದು ಆಗಿನ ವೈದ್ಯರ ತಿಳಿವಳಿಕೆ. ಇದಕ್ಕೆ ಸುರಂಜಾನ್ ಗಡ್ಡೆಯನ್ನು ಅವರು ಬಳಸುತ್ತಿದ್ದರು. ಆ ಜಾತಿಯ ಗಿಡದಿಂದಲೇ 1820ರಲ್ಲಿ ಫ್ರಾನ್ಸಿನಲ್ಲಿ ಕಾಲ್ಚಿಸಿನ್ ಬೇರ್ಪಡಿಸಿದರು. ಅಂದರೆ ದಾದಾ ಹೇಳಿದ್ದೂ ಡಾಕ್ಟರು ಬರೆದದ್ದೂ ಹೆಚ್ಚುಕಡಿಮೆ ಒಂದೇ!

ಆದರೆ ಆ ಹೆಚ್ಚಾದದ್ದು ಏನೆಂದು ಇಬ್ನ್ ಸೀನಾ ಅವರಿಗೆ ಗೊತ್ತಾಗುವಂತಿರಲಿಲ್ಲ. ಯೂರಿಕ್ ಆಸಿಡ್ಡನ್ನು 1776ರಲ್ಲಿ ಷೀಲೆ ಎಂಬ ವಿಜ್ಞಾನಿ ಮೂತ್ರಕೋಶದ ಕಲ್ಲಿನಲ್ಲಿ ಕಂಡುಹಿಡಿದರು. ಗೌಟ್ ರೋಗಿಗಳ ರಕ್ತದಲ್ಲಿ ಅದು ಹೆಚ್ಚಿರುವುದನ್ನು 1848ರಲ್ಲಿ ಲಂಡನ್ನಿನ ಡಾಕ್ಟರ್ ಗ್ಯಾರಡ್ ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಜಮಾ-ಖರ್ಚಿನ ಲೆಕ್ಕ. ನಮ್ಮ ಜೀವಕೋಶ ಮತ್ತು ಆಹಾರದಲ್ಲಿರುವ ಪ್ಯೂರಿನ್ ಒಡೆದು ಯೂರಿಕ್ ಆಸಿಡ್ ಆಗುತ್ತದೆ. ಸುಮಾರು ಮೂರನೇ ಎರಡು ಭಾಗ ಮೂತ್ರದಲ್ಲಿ ಹೊರಹೋಗುತ್ತದೆ. ಜಮಾ ಹೆಚ್ಚಾದರೆ ಅಥವಾ ಮೂತ್ರಪಿಂಡ ಸರಿಯಾಗಿ ಖರ್ಚು ಮಾಡದಿದ್ದರೆ ರಕ್ತದಲ್ಲಿ ಬಾಕಿ ಉಳಿಯುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದರೆ ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂರಬಹುದು. ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು. ಹೆಚ್ಚಿದ್ದವರಿಗೆಲ್ಲ ಗೌಟ್ ಬರುವುದಿಲ್ಲ. ಆದರೆ ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು ಇರುವವರಲ್ಲಿ ಇದು ಹೆಚ್ಚಾಗಿ ಜೊತೆಗಿರುತ್ತದೆ. ಹಬ್ಬದ ಕಲೇಜಿ, ಗುರ್ದಾ, ಅತಿ ಮಾಂಸ, ಸಿಹಿ ಕೂಲ್‌ಡ್ರಿಂಕ್ಸ್ ಜಮಾ ಹೆಚ್ಚಿಸುತ್ತವೆ. ನೀರು ಕಡಿಮೆ ಕುಡಿದರೆ ಖರ್ಚು ಕಡಿಮೆಯಾಗುತ್ತದೆ. ದಾದಾ ಎರಡನ್ನೂ ಮಾಡಿದ್ದರು.

ಇಬ್ನ್ ಸೀನಾ ಅವರ ಕೊನೆಯ ದಿನಗಳನ್ನು ಓದುವಾಗ ನನಗೆ ಬೇಸರವಾಯಿತು. ಲೋಕಕ್ಕೆ ಔಷಧಿ ಹೇಳಿದವರಿಗೆ ತೀವ್ರ ಹೊಟ್ಟೆಶೂಲೆ ಬಂತು. ದೊರೆಯ ಜೊತೆ ಪ್ರಯಾಣ ಮಾಡಬೇಕಾಗಿದ್ದರಿಂದ ಬೇಗ ಗುಣವಾಗಲೇಬೇಕೆಂದು ಒಂದೇ ದಿನ ಎಂಟು ಸಲ ಎನಿಮಾ ಮಾಡಿಸಿಕೊಂಡರು. ಕರುಳಿನಲ್ಲಿ ಹುಣ್ಣಾಯಿತು. ಸೆಲರಿ ಬೀಜ ಎರಡು ದಾನಖ್ ಹಾಕಲು ಅವರು ಹೇಳಿದರೆ ಚಿಕಿತ್ಸೆ ಮಾಡುತ್ತಿದ್ದವನು ಐದು ದಿರ್ಹಮ್ ತೂಕ ಹಾಕಿದನಂತೆ. ಆರು ದಾನಖ್‌ಗೆ ಒಂದು ದಿರ್ಹಮ್. ಲೆಕ್ಕ ಹಾಕಿ ನೋಡಿದೆ, ಹದಿನೈದು ಪಟ್ಟು! ಕೊನೆಗೆ ಅವರು ಔಷಧಿ ಬಿಟ್ಟು, ಆಸ್ತಿಯನ್ನು ದಾನ ಮಾಡಿ, ಗುಲಾಮರನ್ನು ಬಿಡುಗಡೆ ಮಾಡಿ, ಕುರ್‌ಆನ್ ಓದುತ್ತಾ ಕಾಲ ಕಳೆದರು. 1037ರ ರಂಜಾನ್ ತಿಂಗಳಲ್ಲಿ ಹಮದಾನ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲೇ ಇದೆ.

ಇದನ್ನು ಓದಿದ ವಾರದಲ್ಲೇ ಒಂದು ರಾತ್ರಿ ದಾದಾ ನೋವು ತಾಳಲಾರದೆ ಇನ್ನೂ ಮೂರು ಮಾತ್ರೆ ಒಟ್ಟಿಗೆ ನುಂಗಲು ಹೊರಟಿದ್ದರು. ಕಾಲ್ಚಿಸಿನ್ ಅಳತೆ ಮೀರಿದರೆ ವಿಷ. ಮೂತ್ರಪಿಂಡ ದುರ್ಬಲವಿದ್ದವರಿಗೆ ಇನ್ನೂ ಅಪಾಯ. ನಾನು ಅವರ ಪಕ್ಕ ಕೂತು ಆ ಐದು ದಿರ್ಹಮ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತ್ರೆಗಳನ್ನು ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಮತ್ತೆ ಡಾಕ್ಟರ ಬಳಿ ಹೋದೆವು.

ನಿಮ್ಮ ಮನೆಯಲ್ಲೂ ಹಿರಿಯರು ಇರುತ್ತಾರೆ. ಅವರು ಯಾವ ಮಾತ್ರೆ ಎಷ್ಟು ತೆಗೆದುಕೊಳ್ಳುತ್ತಾರೆಂದು ಇಂದೇ ಒಮ್ಮೆ ಕೇಳಿ ನೋಡಿ. ನಮ್ಮ ಮನೆಯಲ್ಲಿ ಮಾತ್ರೆಯ ಡಬ್ಬಿ ಈಗ ನನ್ನ ಬಳಿ ಇದೆ. ದಾದಾ ಅವರ ನೀರಿನ ಲೆಕ್ಕವನ್ನೂ ನಾನೇ ಬರೆದಿಡುತ್ತಿದ್ದೇನೆ.